ಖಾಲಿ ಸ್ಟೂಲಿನ ಸಂದರ್ಶನ

ನಮ್ಮ ಮ್ಯಾಲಿ ಎಂಬ ಒಣಬಯಲ ಸೀಮೆಯಲ್ಲಿ ಗೋಧಿ ಕೊಯ್ಯುವ ಯಂತ್ರ ಕೆಟ್ಟರೆ ನನ್ನ ಗ್ಯಾರೇಜಿಗೇ ಬರಬೇಕು. ನನಗೆ ಮೆಕ್ಯಾನಿಕ್ ಬೇಕಾದರೆ ಗ್ಲೆನಿಸ್ ಬಳಿ ಹೋಗಬೇಕು. ಹೊರದೇಶದ ಕುಶಲ ಕೆಲಸಗಾರರಿಗೆ ವೀಸಾ ಮಾಡಿಸಿ ನಮ್ಮಂಥ ಊರುಗಳಲ್ಲಿ ನೆಲೆ ನಿಲ್ಲಿಸುವುದು ಅವಳ ಕಸುಬು. ಆಸ್ಪತ್ರೆಯ ನರ್ಸು, ಬೇಕರಿಯವನು ಎಲ್ಲರೂ ಅವಳು ತಂದವರೇ. ಹೆಂಗಸು ಸತ್ತರೂ ಸುಳ್ಳು ಹೇಳಳು. ಅದೇ ನನ್ನ ತಲೆನೋವು.

ಅವಳ ಗಂಡ ಮರ್ವ್ ನನ್ನಲ್ಲೇ ಮೆಕ್ಯಾನಿಕ್ ಆಗಿದ್ದ. ಹೋದ ಸುಗ್ಗಿಯಲ್ಲಿ ಎದೆ ಹಿಡಿದುಕೊಂಡು ಇಲ್ಲೇ ಕುಸಿದು ಸತ್ತ. ಅವನ ಜಾಗಕ್ಕೆ ಫಿಲಿಪೈನ್ಸಿನ ರೋಡೆಲ್ ಸಿಕ್ಕಿದ್ದ. ಅವನ ವೀಸಾ ಮುಗಿಯುತ್ತ ಬಂದಿತ್ತು, ಹೆಂಡತಿ ತುಂಬು ಬಸುರಿ. ಆದರೆ ಕಾನೂನು ಬಿಡಬೇಕಲ್ಲ! ವೀಸಾ ಮುಂದುವರಿಸುವ ಮೊದಲು ಆ ಕೆಲಸಕ್ಕೆ ಊರವರನ್ನು ಕರೆದು ಜಾಹೀರಾತು ಕೊಡಬೇಕು. ಊರಿನ ತಕ್ಕವನು ಒಬ್ಬನೇ ಬಂದರೂ ರೋಡೆಲ್ ಗಂಟುಮೂಟೆ ಕಟ್ಟಬೇಕು.

ಜಾಹೀರಾತು ಇರುವಷ್ಟು ದಿನ ಗ್ಲೆನಿಸ್ ಮಧ್ಯಾಹ್ನ ಗ್ಯಾರೇಜಿನಲ್ಲೇ ಕೂರುತ್ತಾಳೆ. ಎದುರಿಗೊಂದು ಸ್ಟೂಲು, ಬರುವವನಿಗೊಂದು ಲೋಟ ಟೀ. ಈ ಸಲ ಯಾರೂ ಬರಲಿಲ್ಲ. ಟೀ ಮಾತ್ರ ದಿನಾ ಖಾಲಿಯಾಗುತ್ತಿತ್ತು.

"ನೀನೇ ಕುಡ್ದು ಮರ್ತಿರ್ತೀಯ," ಅಂದೆ.

"ನಾನು ಸಕ್ಕರೆ ಮುಟ್ಟಲ್ಲ, ಕ್ಲಿಫ್. ಇದ್ರಲ್ಲಿ ಮೂರು ಚಮಚ ಇತ್ತು."

ಮೂರು ಚಮಚ ಹಾಕಿಕೊಳ್ಳುತ್ತಿದ್ದವನು ಮರ್ವ್.

ಕೊನೆಯ ದಿನ ಸುಡುವ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಬಡಬಡಿಸುತ್ತಿದ್ದ ತಗಡಿನ ಸೂರು ಸುಮ್ಮನಾಯಿತು. ನನ್ನ ನಾಯಿ ಬಾಲ ಮುದುರಿಕೊಂಡು ಹೊರಗೋಡಿತು. ಸ್ಟೂಲಿನ ಮೇಲೆ ಹಸಿ ಗ್ರೀಸಿನ ಕಲೆ.

"ಯಾರೂ ಬಂದಿಲ್ಲ ಅಂತ ವರದೀಲಿ ಬರ್ದ್ಬಿಡು ಮಾರಾಯ್ತಿ! ರೋಡೆಲ್ ಗತಿ ಏನು?"

"ಬಂದಿದಾನಲ್ಲ. ಬಂದೋನ್ನ ಮಾತಾಡಿಸ್ದೆ ಹೆಂಗೆ ಕಳ್ಸೋದು?"

ಅವಳು ಸ್ಟೂಲಿನತ್ತ ತಿರುಗಿದಳು. "ವಾರಕ್ಕೆ ನಲವತ್ತು ಗಂಟೆ ದುಡಿಯಕ್ಕಾಗತ್ತಾ, ಮರ್ವ್?"

ಸ್ಟೂಲು ಕಿರ್ರ್ ಎಂದಿತು. ನನ್ನ ಮೈಯೆಲ್ಲ ಮುಳ್ಳೆದ್ದಿತು.

"ನಿನ್ನಿಂದಾಗಲ್ಲ ಕಣೋ," ಅವಳ ದನಿ ಒಡೆಯಿತು. "ಆ ಹುಡುಗಂಗೆ ಮಗು ಆಗ್ತಿದೆ. ಬಿಟ್ಕೊಡು. ನನ್ನ ಚಿಂತೆ ಮಾಡ್ಬೇಡ."

ಗ್ಯಾರೇಜಿನ ಇನ್ನೊಂದು ಮೂಲೆಯಿಂದ ರೋಡೆಲ್ ಕೂಗಿದ. "ಬಾಸ್, ಈ ಸ್ಪ್ಯಾನರ್ ಇಲ್ಲಿ ಯಾರಿಟ್ಟಿದ್ದು? ಈಗಷ್ಟೇ ಯಾರೋ ಹಿಡ್ಕೊಂಡಿದ್ದಂಗೆ ಬೆಚ್ಚಗಿದೆ."

ಅದು ಮರ್ವ್‌ನದು. ಬದುಕಿದ್ದಾಗ ನನಗೂ ಮುಟ್ಟಗೊಡುತ್ತಿರಲಿಲ್ಲ. ಅವನು ಹೋದಂದಿನಿಂದ ಗ್ಲೆನಿಸ್ ಅದನ್ನು ಮನೆಯಲ್ಲಿ ಬೀಗ ಹಾಕಿಟ್ಟಿದ್ದಳು.

ಅವಳು ಕಣ್ಣೊರೆಸಿಕೊಂಡು ಬರೆದಳು: ಊರಿನವನೊಬ್ಬ ಬಂದಿದ್ದ, ತಾನಾಗಿಯೇ ಹಿಂದೆ ಸರಿದ.

ರೋಡೆಲ್ ಉಳಿದ. ಮಾರನೇ ದಿನ ಕೆಲಸವಿಲ್ಲದಿದ್ದರೂ ಗ್ಲೆನಿಸ್ ಬಂದಳು, ಸ್ಟೂಲಿನ ಮುಂದೆ ಟೀ ಇಟ್ಟು ಕೂತಳು. ಸಂಜೆಯಾದರೂ ಲೋಟ ತುಂಬಿದಂತೆಯೇ ಇತ್ತು. ಆ ತಣ್ಣಗಿನ ಟೀಯನ್ನು, ಮೂರು ಚಮಚ ಸಕ್ಕರೆ ಸಮೇತ, ಅವಳೇ ಕುಡಿದಳು.