ಮಧ್ಯಾಹ್ನದ ಝಳದಲ್ಲಿ ನೋಡಿದ ಸ್ಕೋಪು

ನಿನ್ನೆ ಮಗಳು ರೈಫಲ್ ಸ್ಕೋಪಿನ ಡಬ್ಬಿ ತೆರೆದಾಗ ಖಸ್ ಅತ್ತರಿನ ವಾಸನೆ ಬಂತು. ಒಳಗಿದ್ದ ಹಸಿರು ಬಟ್ಟೆಯ ತುಂಡಿನದು. ದೇವರಿಗೆ ದೀಪ ಹಚ್ಚುತ್ತಿದ್ದವಳು ಕಡ್ಡಿ ಬೆರಳು ಸುಡುವ ತನಕ ಹಾಗೇ ನಿಂತೆ...

ಅದು ಕೊಪ್ಪಳದ ಚಾಳೀಸಿನ ಅಂಗಡಿಯ ಚಾಚಾ ಕೊಟ್ಟ ಬಟ್ಟೆ. ಕನ್ನಡಕ ರಿಪೇರಿಗೆ ಕೂರುವ ಮೊದಲು ಅವರು ಗಂಗಾವತಿ ಕಡೆ ಕಾಲುವೆ ಅಳೆಯುವವರ ದುರ್ಬೀನುಗಳನ್ನು ವರ್ಷಗಟ್ಟಲೆ ಸರಿಮಾಡಿದ್ದರು. ಆಗ ನನ್ನ ಮಗಳು ದೂರದ ಗುರಿಗೆ ಹೊಡೆಯಲು ಕಲಿಯುತ್ತಿದ್ದಳು. ರೈಫಲ್ ತರಬೇತಿ ಕೇಂದ್ರದ್ದು. ಸ್ಕೋಪು ಮಾತ್ರ ನಾವೇ ತರಬೇಕು. ಅವಳ ವಯಸ್ಸಿಗೆ ಕಿರಿಯರ ತಂಡ ಸೇರಲು ಅದೇ ಕೊನೆಯ ವರ್ಷ. ನೋಡಿ ಬೇಡವಾದದ್ದನ್ನು ವಾಪಸು ಕೊಡುವ ಕರಾರಿನ ಮೇಲೆ ನಮ್ಮ ಕೈಗೆಟಕುವ ಎರಡು ಸ್ಕೋಪು ತರಿಸಿ ಚಾಚಾನ ಮುಂದಿಟ್ಟೆ. ಒಂದು ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವುದು, ಇನ್ನೊಂದು ಇಪ್ಪತ್ತನಾಲ್ಕು. ಬೆಲೆ ಒಂದೇ.

"ಅದ ರೊಕ್ಕಕ್ಕ ಇಷ್ಟು ದೊಡ್ಡದು ತೋರಸ್ತಾನಂದ್ರ, ಮಾಡಿದಾಂವ ಒಳಗಿನ ಗಾಜಿನ ಕಾಚಿನಾಗ ಕೈ ಬಿಗಿ ಹಿಡದಾನ. ಅಂಗಡ್ಯಾಗ ಎಲ್ಲಾ ಛಲೋನ ಕಾಣ್ತೈತಿ ತಂಗೆವ್ವಾ. ಬಿಸಿಲು ಏರ್ಲಿ, ತಡೀರಿ."

ಮಧ್ಯಾಹ್ನ ನಮ್ಮನ್ನು ಮಾಳಿಗೆ ಹತ್ತಿಸಿ ಎದುರು ಗುಡ್ಡದ ಬಂಡೆಯೊಂದನ್ನು ತೋರಿಸಿದರು. ಇಪ್ಪತ್ತನಾಲ್ಕು ಪಟ್ಟಿನ ದೊಡ್ಡದರಲ್ಲಿ ಬಂಡೆ ಕುದಿಯುವ ಎಸರಿನಂತೆ ಕುಣಿಯಿತು. ಚಿಕ್ಕದರಲ್ಲಿ ಸಣ್ಣಗೆ ಕಂಡರೂ ನಿಂತಿತ್ತು.

"ದೊಡ್ಡದ್ರಾಗ ಝಳಾನೂ ದೊಡ್ಡದಾಗ್ತೈತಿ ಬೇಟಿ," ಎಂದರು ಮಗಳಿಗೆ. "ಕಾಲುವಿ ಅಳಿಯಾವ್ರು ಮುಂಜಾನೆ ಹತ್ತರೊಳಗ ಕೆಲಸ ಮುಗಸ್ತಿದ್ದದ್ದು ಸುಮ್ನ ಅಲ್ಲ."

ಮನೆಗೆ ಬಂದರೆ ಮೈದುನ ನಕ್ಕ. "ವೈನಿ, ಚಾಳೀಸು ತಿದ್ದಾವ್ರನ್ನ ಕೇಳಿ ಬಂದೂಕದ ಸಾಮಾನು ತಗೋತಾರೇನು? ನಾಳೆ ಹಿಟ್ಟಿನ ಗಿರಣಿಯಾಂವನ್ನ ಕೇಳಿ ಕಾರು ತಗೋರಿ!" ಚಿಕ್ಕದನ್ನು ವಾಪಸು ಕಳಿಸಿ ದೊಡ್ಡದನ್ನು ಇಟ್ಟುಕೊಂಡ. ಕಳಿಸುವ ಡಬ್ಬಿಯನ್ನು ನಾನೇ ಕಟ್ಟಿಕೊಟ್ಟೆ. ಮುಂಜಾನೆಯ ತಂಪಿನಲ್ಲಿ ಅಭ್ಯಾಸವೂ ಚೆನ್ನಾಗಿಯೇ ಆಯಿತು. ಆಯ್ಕೆಯ ದಿನ ಮಗಳ ಸರದಿ ಬಂದದ್ದು ಮಧ್ಯಾಹ್ನ ಒಂದಕ್ಕೆ. ಗುರಿಹಲಗೆ ನೀರಲ್ಲಿ ತೇಲಿದಂತೆ ಅಲುಗುತ್ತಿತ್ತಂತೆ. ಆಯ್ಕೆಯಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಕುದಿಯುತ್ತಿರಲಿಲ್ಲ. ಮೈದುನ ನನ್ನನ್ನೂ ಕರೆದುಕೊಂಡು ಚಾಚಾನ ಅಂಗಡಿ ಮುಂದೆ ನಿಂತು, ನಾಲ್ಕು ಮಂದಿ ಎದುರು ಕೂಗಿದ: "ನೀವು ಆರಿಸಿದ ಸ್ಕೋಪಿನಿಂದ ಹುಡುಗಿ ಬಾಳೇ ಕೆಡ್ತು!" ಚಾಚಾ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನಾನು ನಿಜ ಹೇಳುತ್ತೇನೆಂದು ಕಾದರು. ನಾನು ಸೆರಗು ಸರಿಮಾಡಿಕೊಂಡೆ... ಅಷ್ಟೇ ಮಾಡಿದೆ.

ಅವರು ಗಲ್ಲಾಪೆಟ್ಟಿಗೆಯಿಂದ ಅತ್ತರು ಘಮಿಸುವ ಈ ಬಟ್ಟೆ ತೆಗೆದು ನನ್ನ ಕೈಗಿಟ್ಟರು. "ಕಾಚು ಸೆರಗಿಲೆ ಒರಸಬ್ಯಾಡ್ರಿ ತಂಗೆವ್ವಾ, ಗೆರಿ ಬೀಳ್ತಾವು."

ಆಮೇಲೆ ಹಟ ಹಿಡಿದು ಚಿಕ್ಕದನ್ನೇ ಮತ್ತೆ ತರಿಸಿದೆ. ಹೋಗಿ ತಪ್ಪಾಯಿತು ಎನ್ನಬೇಕೆಂದು ದಿನ ದೂಡಿದೆ. ರಂಜಾನ್‌ಗೆ ಹೋದರಾಯಿತು ಅಂದುಕೊಂಡೆ. ಆ ರಂಜಾನ್ ನೋಡಲು ಅವರು ಉಳಿಯಲಿಲ್ಲ.

ಈ ವಾರ ಮಗಳು ಅದೇ ಚಿಕ್ಕ ಸ್ಕೋಪಿನಿಂದ, ಅದೂ ನಡುಮಧ್ಯಾಹ್ನ, ಹಿರಿಯರ ತಂಡಕ್ಕೆ ಆಯ್ಕೆಯಾದಳು. ದೇವರು ದೊಡ್ಡವನು. ನಿನ್ನೆ ಸಂಜೆ ಮನೆಗೆ ಬಂದ ನೆಂಟರ ಮುಂದೆ ಮೈದುನ, "ಸ್ಕೋಪು ಆರಿಸಿದ್ದು ನಾನ," ಎಂದ.

"ಸುಳ್ಳು," ಎಂದೆ. ಚಹಾದ ತಾಟು ಕೆಳಗಿಟ್ಟು, ಮಾಳಿಗೆಯಿಂದ ಹಿಡಿದು ಅಂಗಡಿ ಮುಂದಿನ ಕೂಗಾಟದ ತನಕ ಎಲ್ಲ ಹೇಳಿದೆ. ನನ್ನ ಸೆರಗಿನ ಮಾತೂ ಬಿಡಲಿಲ್ಲ. ಯಾರೂ ಚಹಾ ಮುಟ್ಟಲಿಲ್ಲ.

ಚಾಚಾನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಇವತ್ತು ಮುಂಜಾನೆ ಹೋಗಿ ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ. "ಏನು ಬೇಕ್ರಿ ಅಕ್ಕಾರ?" ಎಂದು ಅಂಗಡಿಯವರು ಕೇಳಿದರು.

ಏನೂ ಇಲ್ಲ ಎಂದು ಬಂದೆ.