ನನ್ನ ಹೆಸರಿನ ಕಾರು, ಭಟ್ರ ಕೈಯ ಸ್ಟೇರಿಂಗು

ನನಗೆ ಕಾರು ಓಡಿಸಲು ಬರುವುದಿಲ್ಲ. ಲೈಸೆನ್ಸೂ ಇಲ್ಲ. ಆದರೂ ಎರಡು ವರ್ಷ ನನ್ನ ಹೆಸರಿನಲ್ಲಿ ಒಂದು ಕಾರಿತ್ತು. ಆ ಎರಡು ವರ್ಷ ನಾನು ಗಲ್ಲಾದಲ್ಲಿ ನೆಟ್ಟಗೆ ಕೂತದ್ದಿಲ್ಲ. ಕೂತರೆ ಏಳುತ್ತಿದ್ದೆ, ಎದ್ದರೆ ಬಾಗಿಲ ತನಕ ಹೋಗಿ ಬರುತ್ತಿದ್ದೆ. ನಿನಗೇನು ಇರುವೆ ಕಚ್ಚಿದೆಯಾ ಎಂದು ಹೆಂಡತಿ ಕೇಳುತ್ತಿದ್ದಳು.

ಮುಂಬಯಿಯ ಕುರ್ಲಾ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿ ನಮ್ಮ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ಅಪ್ಪ ಇಟ್ಟದ್ದು, ಅವರ ನಂತರ ನನ್ನದು. ನಮ್ಮಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು ಯಾರೇ ಆಗಲಿ, ಅವರು ‘ಭಟ್ರು’. ಈಗಿನ ಭಟ್ರು ನೇಪಾಳದವರು. ಇಪ್ಪತ್ತು ವರ್ಷದ ಹಿಂದೆ ಪಾತ್ರೆ ತೊಳೆಯಲು ಬಂದವರು, ಹಿಟ್ಟು ರುಬ್ಬಿದರು, ಆಮೇಲೆ ಕಾವಲಿ ಹಿಡಿದರು. ಅಡುಗೆಮನೆಯಲ್ಲಿ ಎಲ್ಲರೂ ಮಾತಾಡುವುದು ಕುಂದಾಪುರದ ಕನ್ನಡ, ಅವರಿಗೂ ಅದೇ ಬಂತು. ನನ್ನ ಮಕ್ಕಳು ಹಿಂದಿ ಬೆರೆಸದೆ ಒಂದು ವಾಕ್ಯ ಮುಗಿಸಲಾರರು. ಭಟ್ರು ಮುಗಿಸುತ್ತಾರೆ. ಅಪ್ಪ ಅವರಿಗೆ ಧಣಿ, ನಾನು ಅಣ್ಣ. ಅವರು ಬೇರೆ ದೇಶದವರು ಎನ್ನುವುದು ನಮಗೆ ಮರೆತೇ ಹೋಗಿತ್ತು.

ಅದು ನೆನಪಾದದ್ದು ಅವರು ಕಾರು ಕೊಂಡಾಗ. ಜೋಗೇಶ್ವರಿಯ ಗ್ಯಾರೇಜಿನವನೊಬ್ಬನ ಹತ್ತಿರ ಹಳೆಯ ಬಿಳಿ ಕಾರೊಂದು ಮಾರಾಟಕ್ಕಿತ್ತು. ಪೂರ್ತಿ ಅವರ ಸ್ವಂತ ದುಡಿಮೆಯ ಹಣ. ವಾರದ ರಜೆಯ ದಿನ ಅವರು ಬಾಂದ್ರಾದ ಬಿಲ್ಡಿಂಗುಗಳಿಗೆ ಹೋಗಿ ಹುಟ್ಟುಹಬ್ಬ, ನಾಮಕರಣಕ್ಕೆ ಬಿಸಿ ದೋಸೆ ಹೊಯ್ದು ಕೊಡುತ್ತಿದ್ದರು. ಕಾವಲಿ, ಸ್ಟವ್, ಹಿಟ್ಟಿನ ಡಬ್ಬ ಎಲ್ಲ ರಿಕ್ಷಾದಲ್ಲಿ ಹೊತ್ತು ಸಾಕಾಗಿತ್ತು. ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಲು ಏನೇನು ಬೇಕು ಎಂದು ನನ್ನನ್ನು ಕೇಳಿದರು.

ನಾನು ಆರ್‌ಟಿಒ ಹೊರಗೆ ಕೂರುವ ಏಜೆಂಟನನ್ನು ವಿಚಾರಿಸಿದೆ. ಆಗುತ್ತದೆ ಎಂದ. ಅವರ ದೂತಾವಾಸದ ಒಂದು ಪತ್ರ, ಇಲ್ಲಿಯ ಲೈಸೆನ್ಸು, ಇರುವ ಜಾಗಕ್ಕೆ ಒಂದು ಪುರಾವೆ, ಇಷ್ಟು ಸಾಕು. ಲೈಸೆನ್ಸು ಭಟ್ರ ಹತ್ತಿರ ಆಗಲೇ ಇತ್ತು. ಅವರು ಇರುವುದು ನಾವು ಕೊಟ್ಟ ಒಂಟಿ ಕೋಣೆಯ ಖೋಲಿಯಲ್ಲಿ, ಹಾಗಾಗಿ ಪುರಾವೆ ಕೊಡಬೇಕಾದವನು ನಾನು. ಖೋಲಿಯ ಒಂದು ಕರಾರುಪತ್ರ ಮಾಡಿಸಿ ಸಹಿ ಹಾಕಿದರೆ ಮುಗಿಯಿತು.

ಹೋಟೆಲಿಗೆ ಬರುವ ದಾರಿಯಲ್ಲಿ ನನ್ನ ತಲೆ ಬೇರೆಯೇ ಕಡೆ ಓಡಿತು. ಸ್ವಂತ ಗಾಡಿ, ಸ್ವಂತ ಹೆಸರು, ಬಾಂದ್ರಾದ ಗಿರಾಕಿಗಳು. ಇನ್ನು ಇವರಿಗೆ ನಾನೇಕೆ ಬೇಕು? ನಮ್ಮ ಹೋಟೆಲಿಗೆ ಜನ ಬರುವುದೇ ಭಟ್ರ ದೋಸೆಗೆ, ನನ್ನ ಮುಖ ನೋಡಲಿಕ್ಕಲ್ಲ. ಅವರು ಹೋದರೆ ಆರು ತಿಂಗಳಲ್ಲಿ ಶಟರ್ ಎಳೆಯಬೇಕು. ಹೆದರಿಕೆಯಾಯಿತು. ಹೋಟೆಲಿಗೆ ಬಂದವನೇ ವಿದೇಶಿಯರ ಹೆಸರಿಗೆ ಗಾಡಿ ಆಗುವುದಿಲ್ಲವಂತೆ ಭಟ್ರೇ ಎಂದೆ. ಸದ್ಯಕ್ಕೆ ನನ್ನ ಹೆಸರಿನಲ್ಲಿರಲಿ, ಗಾಡಿ ನಿಮ್ಮದೇ ಅಲ್ಲವಾ ಎಂದೂ ಸೇರಿಸಿದೆ. ಅವರು ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಆಯ್ತು ಅಣ್ಣ ಎಂದು ಕಾವಲಿಗೆ ನೀರು ಚಿಮುಕಿಸಿದರು.

ಸುಳ್ಳು ಹೇಳಿದವನಿಗೆ ನಿದ್ದೆ ಬರಲಿಲ್ಲ, ಕೇಳಿದವರು ಆರಾಮವಾಗಿ ಗಾಡಿ ತೊಳೆದು ಹೂ ಹಾಕಿದರು. ಅವರ ರಜೆಯ ದಿನ ಕಾರು ಹೊರಟರೆ ನನ್ನ ಕಣ್ಣು ಗಡಿಯಾರದ ಮೇಲೆ. ಬಾಂದ್ರಾದಲ್ಲಿ ಯಾರಾದರೂ ಜಾಗ ತೋರಿಸಿರಬಹುದೇ, ಈಗ ಅಡ್ವಾನ್ಸ್ ಮಾತಾಡುತ್ತಿರಬಹುದೇ. ಎಲ್ಲಾದರೂ ಗುದ್ದಿಬಿಟ್ಟರೆ ಪೊಲೀಸರು ಬರುವುದು ನನ್ನ ಮನೆಗೇ ಅಲ್ಲವೇ ಎಂಬ ಚಿಂತೆ ಬೇರೆ. ಗಿರಾಕಿಗೆ ಕೊಡಬೇಕಾದ ಚಿಲ್ಲರೆ ಕೈಯಲ್ಲೇ ಉಳಿದು ಬೈಸಿಕೊಂಡದ್ದೂ ಇದೆ.

ಒಮ್ಮೆ ಬಾಂದ್ರಾದ ಸಿಗ್ನಲ್ಲಿನಲ್ಲಿ ಪೊಲೀಸರು ಕಾರು ನಿಲ್ಲಿಸಿ, ಕಾಗದದಲ್ಲಿರುವ ಹೆಸರು ಯಾರದು ಎಂದು ಕೇಳಿದರು. ಭಟ್ರು ನನಗೆ ಫೋನು ಹಚ್ಚಿ ಪೊಲೀಸರ ಕೈಗೆ ಕೊಟ್ಟರು. ನಾನು ಹಿಂದಿಯಲ್ಲಿ, ಅದು ನಮ್ಮ ಹೋಟೆಲಿನ ಗಾಡಿ, ಓಡಿಸುವವನು ನಮ್ಮ ಕೆಲಸದವನು ಎಂದೆ. ಬಿಟ್ಟರು. ಭಟ್ರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿರಬೇಕು. ಅವತ್ತು ಬಂದವರು ಕೀಲಿಯನ್ನು ಜೇಬಿಗೆ ಹಾಕಿಕೊಳ್ಳದೆ ಗಲ್ಲಾದ ಮೇಲಿಟ್ಟು ಒಳಗೆ ಹೋದರು. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಇನ್ಶೂರೆನ್ಸು. ಮೊದಲ ಎರಡು ವರ್ಷ ನಾನೇ ಫೋನಿನಲ್ಲಿ ಸಿಕ್ಕಸಿಕ್ಕಲ್ಲಿ ಒತ್ತಿ ಪಾಲಿಸಿ ಮಾಡಿದ್ದೆ. ಮೂರನೆಯ ಸಲ, ದಿನಾ ನಮ್ಮಲ್ಲಿ ತಿಂಡಿ ತಿನ್ನುವ ಧಾರವಾಡದ ಹೆಂಗಸೊಬ್ಬರು ತಾವೇ ಮಾಡಿಕೊಡುತ್ತೇನೆಂದರು. ಅವರ ಕೆಲಸವೇ ಅದು. ಹಳೆಯ ಪಾಲಿಸಿ ತಿರುವಿ ಹಾಕಿ, ಮಾಲೀಕ ತಾನೇ ಗಾಡಿ ಓಡಿಸುವಾಗ ಜೀವಕ್ಕೆ ಅಪಾಯವಾದರೆ ಅವನ ಮನೆಯವರಿಗೆ ಹಣ ಸಿಗುವ ಕಲಮು ತೋರಿಸಿದರು. ಮಾಲೀಕ ನಾನು. ಹಣ ಪಡೆಯುವವಳು ನನ್ನ ಹೆಂಡತಿ. ನಿಮ್ಮ ಲೈಸೆನ್ಸು ಕೊಡಿ ಎಂದರು. ಇಲ್ಲ ಎಂದೆ.

“ಗಾಡಿ ಹೊಡಿಯಾವ್ರು ಯಾರ್ರೀ ಮತ್ತ?”

ನಾನು ಕಾವಲಿಯ ಕಡೆ ಕೈ ತೋರಿಸಿದೆ.

“ನಿಮಗ ಲೈಸೆನ್ಸ್ ಇಲ್ಲ, ಅವರಿಗೆ ಗಾಡಿ ಇಲ್ಲ. ನಾಳೆ ಅವರಿಗೆ ಏನರ ಆದ್ರ ಅವರ ಹೇಣ್ತಿಗೆ ಇದರಾಗ ಏನೂ ಸಿಗಂಗಿಲ್ಲ. ಹಂಗಾರ ಇದು ಯಾರ ಸಲುವಾಗಿ ರೀ?”

ಭಟ್ರ ಹೆಂಡತಿಯನ್ನು ನಾನು ನೋಡಿಲ್ಲ. ವರ್ಷಕ್ಕೊಮ್ಮೆ ಅವರು ಊರಿಗೆ ಹೊರಟಾಗ ನನ್ನ ಹೆಂಡತಿ ಆಕೆಗೊಂದು ಸೀರೆ ಕಳಿಸುತ್ತಾಳೆ, ಅಷ್ಟೇ. ಕಾರು ಅಪ್ಪಚ್ಚಿಯಾಗಿ, ಎಲ್ಲೋ ಬೆಟ್ಟದ ಊರಿನಲ್ಲಿ ಆ ಹೆಂಗಸು ನಾವು ಕೊಟ್ಟ ಸೀರೆಯಲ್ಲಿ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ಗಿರಾಕಿ ಕಡಿಮೆಯಾದಾಗ, ಭಟ್ರನ್ನು ಕರೆದೆ. ಅಲ್ಲಿಯೂ ನನ್ನ ನಾಲಿಗೆ ನೆಟ್ಟಗಾಗಲಿಲ್ಲ. ಈಗ ರೂಲ್ಸು ಬದಲಾಗಿದೆಯಂತೆ, ನಿಮ್ಮ ಹೆಸರಿಗೆ ಮಾಡಬಹುದಂತೆ ಎಂದೆ.

ಭಟ್ರು ತಮ್ಮ ಖೋಲಿಗೆ ಹೋದರು. ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಒಳಗೆ ದೂತಾವಾಸದ ಪತ್ರ. ತಾರೀಖು ನೋಡಿದೆ. ಎರಡು ವರ್ಷ ಹಿಂದಿನದು, ಕಾರು ಕೊಳ್ಳುವುದಕ್ಕಿಂತ ಒಂದು ವಾರ ಮುಂಚಿನದು. ಆ ಸಲ ಊರಿಂದ ವಾಪಸು ಬರುವಾಗ ಗಾಡಿ ಕೊಳ್ಳಲು ಬೇಕಾದೀತೆಂದು ದೆಹಲಿಯಲ್ಲಿ ಇಳಿದು ಮಾಡಿಸಿಕೊಂಡು ಬಂದಿದ್ದರಂತೆ. ನಾನು ‘ಆಗುವುದಿಲ್ಲ’ ಎಂದ ದಿನ ಈ ಪತ್ರ ಅವರ ಪೆಟ್ಟಿಗೆಯಲ್ಲಿತ್ತು. ಆಗ ಕಡಿಮೆ ಇದ್ದದ್ದು ನನ್ನ ಸಹಿ ಒಂದೇ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ.

“ನೀವೇ ಆತಿಲ್ಲೆ ಅಂದ್ರಿ. ಮತ್ತೆ ನಾನ್ ಎಂತ ಹೇಳುದ್?”

ಆ ಪತ್ರ ಹಳೆಯದಾಗಿತ್ತು, ನಡೆಯಲಿಲ್ಲ. ಹೊಸದಕ್ಕಾಗಿ ಅವರು ಮತ್ತೆ ದೆಹಲಿಗೆ ಹೋದರು. ನಾನು ಖೋಲಿಯ ಕರಾರು ಮಾಡಿಸಿದೆ. ವರ್ಗಾವಣೆಯ ಅರ್ಜಿ ತುಂಬುವಾಗ, ಕೊಳ್ಳುವವರ ಪೂರ್ಣ ಹೆಸರು ಎಂದಿದ್ದಲ್ಲಿ ನನ್ನ ಪೆನ್ನು ನಿಂತಿತು. ಇಪ್ಪತ್ತು ವರ್ಷ ಭಟ್ರೇ ಎಂದು ಕರೆದವನಿಗೆ ಅವರ ಹೆಸರು ಅರ್ಧ ಮಾತ್ರ ಗೊತ್ತಿತ್ತು. ಪತ್ರ ನೋಡಿ ಒಂದೊಂದೇ ಅಕ್ಷರ ಬರೆದೆ.

ಒಂದೆರಡು ತಿಂಗಳು ಓಡಾಟವಾಯಿತು. ಹೊಸ ಪಾಲಿಸಿಯಲ್ಲಿ ಭಟ್ರ ಹೆಸರು, ಹಣ ಪಡೆಯುವ ಜಾಗದಲ್ಲಿ ಅವರ ಹೆಂಡತಿಯ ಹೆಸರು. ಕೊನೆಯ ಕಾಗದ ಕೈಗೆ ಬಂದ ದಿನ ಆರ್‌ಟಿಒದಿಂದ ಅವರ ಪಕ್ಕದ ಸೀಟಿನಲ್ಲಿ ಕೂತು ಬಂದೆ. ಎರಡು ವರ್ಷ ನನ್ನದಾಗಿದ್ದ ಕಾರಿನಲ್ಲಿ ನಾನು ಕೂತದ್ದು ಅದೇ ಮೊದಲು. ಬೆಲ್ಟು ಹಾಕಲು ಬಾರದೆ ಎಳೆದಾಡುತ್ತಿದ್ದೆ, ಅವರೇ ಹಾಕಿದರು.

ಕುರ್ಲಾ ಹತ್ತಿರ ಬರುವಾಗ ಗಾಡಿಗಳು ಜಾಮಾದವು. ಮುಂದೆ ಟೆಂಪೊ, ಹಿಂದೆ ಬಸ್ಸು, ಎದ್ದು ಓಡಾಡಲು ಜಾಗವಿಲ್ಲ. ನಿಜ ಹೇಳಲು ನನಗೆ ಅಂಥದೇ ಜಾಗ ಬೇಕಿತ್ತೇನೋ. ಕಾಗದ ನಿಮ್ಮ ಹೆಸರಿಗಾದರೆ ನೀವು ಹೋಟೆಲು ಬಿಟ್ಟು ಹೋಗುತ್ತೀರೆಂಬ ಹೆದರಿಕೆಗೆ ಸುಳ್ಳು ಹೇಳಿದೆ, ತಪ್ಪಾಯಿತು ಎಂದೆ.

ಭಟ್ರು ಮುಂದಿನ ಟೆಂಪೊವನ್ನೇ ನೋಡುತ್ತಿದ್ದರು.

“ಆಗ ಬಿಟ್ಟ್ ಹೋಯ್ಕ್ ಅಂದೇಳಿ ಇರ್ಲಿಲ್ಲೆ, ಅಣ್ಣ.”

ಟೆಂಪೊ ಸರಿಯಿತು. ಅವರು ಗೇರು ಹಾಕಿದರು. ಬಿಟ್ಟು ಹೋಗುವ ಯೋಚನೆ ಆಗ ಇರಲಿಲ್ಲ, ಸರಿ; ಈಗ ಇದೆಯೇ ಎಂದು ನಾನು ಕೇಳಲಿಲ್ಲ.