ತುದಿ ಮೆಟ್ಟಿಲಿನ ಸಿಪಾಯಿ

ದಸರೆಗೆ ಗೊಂಬೆ ಕೂರಿಸಲೆಂದು ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಮೊದಲ ಗೊಂಬೆಯೇ ಬಲಗೈ ಇಲ್ಲದ ಸಿಪಾಯಿ. ಹಾಲ್‌ನಲ್ಲಿ ಟೀವಿಯವರು ಯಾವುದೋ ದೇಶದ ಯುದ್ಧವನ್ನು ಕ್ರಿಕೆಟ್ ಕಾಮೆಂಟರಿಯಂತೆ ಕಿರುಚುತ್ತಿದ್ದರು. ಟ್ರಂಕು ಹೋದ ತಿಂಗಳು ತೀರಿಕೊಂಡ ಟೀಚರಮ್ಮನದು...

ಒಂಟಿಕೊಪ್ಪಲಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು, ನನಗೆ ಚರಿತ್ರೆ ಕಲಿಸಿದವರು. ಅವರ ತಮ್ಮನನ್ನು ನಾವು ಮಾಮ ಎನ್ನುತ್ತಿದ್ದೆವು. ಮಾಮ ಯುದ್ಧಕ್ಕೆ ಹೋಗಿ ಬಲಗೈ ಕಳೆದುಕೊಂಡು ಬಂದಿದ್ದರು. ಹೊರಡುವಾಗ ಹಾರ ಹಾಕಿ ಕಳಿಸಿದ ಬೀದಿಯೇ, ಬಂದಮೇಲೆ ಅವರನ್ನು ಶುಭಕಾರ್ಯಗಳಿಗೆ ಕರೆಯುವುದನ್ನು ಬಿಟ್ಟಿತು. ಮನೆಗೆ ಯಾರಾದರೂ ಬಂದರೆ ಮಾಮ ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದರು.

ಆ ವರ್ಷ ದಸರೆಗೆ ಟೀಚರಮ್ಮ ಏಳು ಮೆಟ್ಟಿಲ ತುಂಬ ಯುದ್ಧವನ್ನೇ ಕೂರಿಸಿದರು. ತುದಿಯಲ್ಲಿರಬೇಕಾದ ಪಟ್ಟದ ಗೊಂಬೆಗಳು, ರಾಜ ರಾಣಿ ಇಬ್ಬರೂ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಇಳಿದಿದ್ದರು. ಜಗಳ ಶುರುವಾಗುವುದು ಅಲ್ಲಿಂದಲೇ ಎಂದು ನಮಗೆ ಪಾಠವೂ ಆಯಿತು. ಅದರ ಮೇಲೆ ವಾದ್ಯ, ಮೆರವಣಿಗೆ. ಆಮೇಲೆ ಸಿಪಾಯಿಗಳು ತುಂಬಿದ ರೈಲು. ನಂತರ ಇದ್ದಿಲ ನಡುವೆ ಪುಟ್ಟ ಮನೆಗಳು, ಐದನೆಯದರಲ್ಲಿ ಖಾಲಿ ಅಂಗಡಿ ಮುಂದೆ ಕ್ಯೂ ನಿಂತ ಹೆಂಗಸರು. ಆರನೆಯದರಲ್ಲಿ ಸಂಧಿಗೆ ಸಹಿ ಹಾಕುವ ಇಬ್ಬರು ಪೇಟದವರು. ತುದಿಯಲ್ಲಿ, ಒಬ್ಬನೇ, ಈ ಸಿಪಾಯಿ. ಅವನ ಕೈಯನ್ನು ಟೀಚರಮ್ಮನೇ ಮುರಿದಿದ್ದರು.

ಆರತಿಗೆ ಬಂದಿದ್ದ ಬೀದಿಯ ಹಿರಿಯ ಹೆಂಗಸೊಬ್ಬರಿಗೆ ತಡೆಯಲಾಗಲಿಲ್ಲ. "ಭಿನ್ನವಾದ ಗೊಂಬೆ ಕೂರಿಸಬಾರ್ದು ಕಣಮ್ಮ. ತೆಗೆದ್ಬುಡು."

"ಯುದ್ಧಕ್ಕೆ ಹೋಗಿ ಭಿನ್ನ ಆಗ್ದೆ ಬಂದೋರು ಯಾರಿದಾರೆ ಹೇಳಿ," ಎಂದರು ಟೀಚರಮ್ಮ. "ಅವನು ಅಲ್ಲೇ ಇರ್ತಾನೆ."

ಹಾಗೆಂದವರೇ ಒಳಕೋಣೆಯಿಂದ ಮಾಮನನ್ನು ಕರೆತಂದು, ಗೊಂಬೆ ನೋಡಲು ಬಂದ ಮಕ್ಕಳಿಗೆ ಹಂಚುವ ತಿಂಡಿ, ಚರಪಿನ ತಟ್ಟೆಯ ಮುಂದೆ ನಿಲ್ಲಿಸಿದರು. ಎಡಗೈಯಲ್ಲಿ ಚರಪು ಕೊಡುವುದುಂಟೇ? ದೊಡ್ಡವರು ಮುಖ ಮುಖ ನೋಡಿಕೊಂಡರು. ಮಾಮ ಕೊಬ್ಬರಿಮಿಠಾಯಿಯ ಚೂರೊಂದನ್ನು ಮೊದಲು ನನ್ನತ್ತ ಚಾಚಿದರು. ನಾನು... ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಟೀಚರಮ್ಮ ನನ್ನನ್ನು ಬೈಯಲಿಲ್ಲ. ತಾವೇ ಕೈಯೊಡ್ಡಿ, ಅದೂ ಎಡಗೈಯನ್ನೇ ಒಡ್ಡಿ, ಅದನ್ನು ಇಸಿದುಕೊಂಡು ಎಲ್ಲರ ಎದುರು ತಿಂದರು.

ಮರುವರ್ಷದಿಂದ ಆ ಮನೆಗೆ ಆರತಿಗೆ ಹೋಗುವವರು ಕಮ್ಮಿಯಾದರು. ಟೀಚರಮ್ಮನೇನೂ ಜಗ್ಗಲಿಲ್ಲ. ಪ್ರತಿ ದಸರೆಗೂ ಅದೇ ಯುದ್ಧ, ಅದೇ ಸಿಪಾಯಿ, ಚರಪು ಹಂಚಲು ಅದೇ ಮಾಮ. ನಾಚಿಕೆಯಿಂದ ನಾನು ಮತ್ತೆ ಹೋಗಲೇ ಇಲ್ಲ. ಆದರೂ ಟ್ರಂಕಿನ ಮೇಲೆ ಅವರು ನನ್ನ ಹೆಸರು ಬರೆದಿಟ್ಟಿದ್ದರು.

ಟೀವಿ ಆರಿಸಿ ಸಿಪಾಯಿಯನ್ನು ನಮ್ಮ ಮನೆಯ ತುದಿ ಮೆಟ್ಟಿಲಿಗೆ ಏರಿಸಿದೆ. ಭಿನ್ನ ಅಲ್ಲವಾ ಎಂದರು ಮನೆಯವರು. ಹೌದು ಎಂದೆ. ಅಕ್ಕ ತಮ್ಮ ಇಬ್ಬರೂ ಈಗಿಲ್ಲ; ಆ ಚೂರನ್ನು ನಾನಿನ್ನು ಯಾರ ಕೈಯಿಂದಲೂ ಇಸಿದುಕೊಳ್ಳಲಾರೆ... ಸಂಜೆ ಮಕ್ಕಳು ಬರುತ್ತಾರೆ. ಎಡಗೈಯಲ್ಲೇ ಚರಪು ಕೊಡುತ್ತೇನೆ. ಬೇಡ ಅನ್ನುವವರು ಅನ್ನಲಿ, ತಟ್ಟೆ ಖಾಲಿಯಾಗುವವರೆಗೂ ನಾನು ಕೈ ಚಾಚಿಯೇ ಇರುತ್ತೇನೆ.